52 ಸಿಸಿ ಗರಗಸದ ಎಂಜಿನ್ ಮಾದರಿ ವಿಮಾನದ ಮೂತಿಗೆ: ಬಿಚ್ಚಿದಲ್ಲಿಂದ ಹಾರಿಸುವವರೆಗೆ

ಮಲೆನಾಡು, ಕೊಡಗಿನ ರಿಪೇರಿ ಅಂಗಡಿಗಳ ಮೂಲೆಯಲ್ಲಿ ಹಿಡಿ ಮುರಿದ, ಬಾರ್ ಬಗ್ಗಿದ, ಆಯಿಲ್ ಪಂಪ್ ಕೈಕೊಟ್ಟ ಚೀನಾ ಚೈನ್ ಗರಗಸಗಳು ಸದಾ ಬಿದ್ದಿರುತ್ತವೆ. ಹೊರಗೆ ಯಾವ ಬಣ್ಣ, ಯಾವ ಹೆಸರು ಬಳಿದಿದ್ದರೂ ಒಳಗಿನ ಎಂಜಿನ್ ಬಹುಪಾಲು ಒಂದೇ: 5200 ಅಥವಾ 5800 ಎಂದು ಕರೆಯುವ ಟೂ ಸ್ಟ್ರೋಕ್. ಅಮೆರಿಕದಲ್ಲಿ ಹೋಮ್‌ಲೈಟ್, ಪೌಲನ್ ಗರಗಸಗಳಿಗೆ, ಜರ್ಮನಿಯಲ್ಲಿ ಸಾಕ್ಸ್ ಡೋಲ್ಮಾರ್‌ಗೆ ಹವ್ಯಾಸಿಗಳು ಪ್ರೊಪೆಲ್ಲರ್ ಕಟ್ಟಿದ್ದು ಹಳೆಯ ಕತೆ. ನಮ್ಮಲ್ಲಿ ಆ ಕೆಲಸಕ್ಕೆ ಸುಲಭವಾಗಿ ಸಿಗುವುದು ಈ 5200.

ಮೊದಲೇ ಲೆಕ್ಕ ಹೇಳಿಬಿಡೋಣ. ವಿಮಾನಕ್ಕೆಂದೇ ತಯಾರಾದ 55 ಸಿಸಿ ಎಂಜಿನ್ 1.4 ಕಿಲೋ ಒಳಗೆ ಬರುತ್ತದೆ. ಗರಗಸದ್ದನ್ನು ಎಷ್ಟೇ ಕೊಯ್ದು ಕೆತ್ತಿದರೂ ಸೈಲೆನ್ಸರ್ ಬಿಟ್ಟು 2 ಕಿಲೋ ಆಸುಪಾಸಿಗೆ ನಿಲ್ಲುತ್ತದೆ. ಲೇತ್ ಕೂಲಿ, ಇಗ್ನಿಷನ್ ಯೂನಿಟ್ ಸೇರಿಸಿದರೆ ಹಣದಲ್ಲೂ ದೊಡ್ಡ ಉಳಿತಾಯವಿಲ್ಲ. 2.2 ಮೀಟರ್ ರೆಕ್ಕೆಯ, 9 ಕಿಲೋ ತೂಗುವ, ಮೂತಿಗೆ ಹೇಗೂ ಭಾರ ಬೇಕಾದ ಹಳೆಯ ಮಾದರಿಯ ವಿಮಾನವಾದರೆ ಇದು ಸರಿಯಾದ ಎಂಜಿನ್. ಗಾಳಿಯಲ್ಲಿ ಪಲ್ಟಿ ಹೊಡೆಸುವ ಹಗುರ ವಿಮಾನಕ್ಕೆ ಇದು ಬೇಡ.

ಮಿಷನ್ ಆರಿಸುವಾಗ

ಸ್ಟಾರ್ಟರ್ ಹಗ್ಗದ ಹಿಡಿಯಿಂದ ಇಡೀ ಗರಗಸವನ್ನು ನೇತಾಡಿಸಿ. ತಡೆದು ತಡೆದು, ಮೆಟ್ಟಿಲಿಳಿದಂತೆ ಇಳಿದರೆ ಕಂಪ್ರೆಷನ್ ಇದೆ. ಸೊರ್ರನೆ ಜಾರಿದರೆ ರಿಂಗ್ ಅಥವಾ ಬೋರ್ (ಪಿಸ್ಟನ್ ಓಡಾಡುವ ಸಿಲಿಂಡರಿನ ಒಳಮೈ) ಹೋಗಿದೆ. ಆಮೇಲೆ ಸೈಲೆನ್ಸರ್ ಬಿಚ್ಚಿ ಎಕ್ಸಾಸ್ಟ್ ಬಾಯಿಯಿಂದ ಪಿಸ್ಟನ್ ನೋಡಿ. ಉದ್ದಕ್ಕೆ ಗೀರು ಬಿದ್ದಿದ್ದರೆ ಎಣ್ಣೆ ಹಾಕದೆ ಓಡಿಸಿದ ಮಿಷನ್ ಅದು. ಹಾಗೆಂದು ತಕ್ಷಣ ಎಸೆಯಬೇಡಿ. ಬೋರ್‌ಗೆ ಗಟ್ಟಿ ಲೇಪನವಿರುತ್ತದೆ, ಗೀರಿನಂತೆ ಕಾಣುವುದು ಎಷ್ಟೋ ಸಲ ಅದರ ಮೇಲೆ ಅಂಟಿದ ಪಿಸ್ಟನ್ನಿನ ಅಲ್ಯೂಮಿನಿಯಂ. ಕಕ್ಕಸು ತೊಳೆಯುವ ಆಸಿಡ್ಡನ್ನು ಕಿವಿಗೆ ಹಾಕುವ ಹತ್ತಿಕಡ್ಡಿಯಲ್ಲಿ ಅದ್ದಿ ಆ ಪಟ್ಟೆಯ ಮೇಲೆ ಮಾತ್ರ ಒತ್ತಿದರೆ ಬುಸುಬುಸು ಎಂದು ನೊರೆ ಬರುತ್ತದೆ. ನೊರೆ ನಿಂತಿತೆಂದರೆ ಅಲ್ಯೂಮಿನಿಯಂ ಮುಗಿಯಿತು. ತಕ್ಷಣ ಸೋಪುನೀರಲ್ಲಿ ತೊಳೆದು ಉಗುರಿನಿಂದ ಗೀಚಿ ನೋಡಿ. ನುಣುಪಾಗಿದ್ದರೆ ಬೋರ್ ಉಳಿದಂತೆ, ಪಿಸ್ಟನ್ ಮತ್ತು ರಿಂಗ್ ಮಾತ್ರ ಹೊಸದು. ಲೇಪನವೇ ಸಿಪ್ಪೆ ಎದ್ದಿದ್ದರೆ, ಅಥವಾ ಪೋರ್ಟಿನ ಅಂಚಿಗೆ ಆಸಿಡ್ ಹರಿದು ಕೊರೆದಿದ್ದರೆ, ಸಿಲಿಂಡರ್ ಬದಲಿಸಿ.

ಬೋರಿನ ಅಗಲ 45 ಮಿ.ಮೀ. ಇರುತ್ತದೆ. ಸ್ಟ್ರೋಕನ್ನು (ಪಿಸ್ಟನ್ ಮೇಲೆ ಕೆಳಗೆ ಓಡುವ ದೂರ) ಪ್ಲಗ್ ತೂತಿನಿಂದ ಡೆಪ್ತ್ ಗೇಜ್ ಇಳಿಸಿ ಅಳೆಯಿರಿ. 32.5 ಬಂದರೆ 51.7 ಸಿಸಿ. 5800 ಎಂದು ಚೀಟಿ ಅಂಟಿಸಿದ್ದರಲ್ಲಿ ಬೋರ್ 45.2 ಸಿಗುತ್ತದೆ. ಆ ಬೋರ್‌ನಲ್ಲಿ ನಿಜವಾಗಿ 58 ಸಿಸಿ ಆಗಬೇಕಾದರೆ ಸ್ಟ್ರೋಕ್ 36 ಮಿ.ಮೀ. ದಾಟಬೇಕು. ಅಳೆದ ಮೇಲೆ ಚೀಟಿಯನ್ನು ನಂಬುವುದೋ ಬಿಡುವುದೋ ನಿಮಗೇ ತಿಳಿಯುತ್ತದೆ. ಪ್ರೊಪೆಲ್ಲರ್ ಆರಿಸುವಾಗ ಅಳತೆಯ ಸಿಸಿಯನ್ನೇ ಹಿಡಿಯಿರಿ.

ಬಿಚ್ಚುವುದು

ಪಿಸ್ಟನ್ ಅಲುಗದಂತೆ ತಡೆಯಲು ಪ್ಲಗ್ ತೂತಿನಿಂದ ಒಂದೂವರೆ ಅಡಿ ನೈಲಾನ್ ಹಗ್ಗ ತುರುಕಿ. ಪಿಸ್ಟನ್ ಎಕ್ಸಾಸ್ಟ್ ಬಾಯಿಯನ್ನು ಪೂರ್ತಿ ಮುಚ್ಚಿದ ಮೇಲೆಯೇ ತುರುಕಬೇಕು, ಇಲ್ಲದಿದ್ದರೆ ಹಗ್ಗ ಪೋರ್ಟಿನಲ್ಲಿ ಸಿಕ್ಕಿ ಅಂಚು ಒಡೆಯುತ್ತದೆ. ಕ್ಲಚ್ಚಿನದು ಉಲ್ಟಾ ಥ್ರೆಡ್, ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗಿಸಿದರೆ ಬಿಚ್ಚುತ್ತದೆ. ಫ್ಲೈವೀಲ್ ನಟ್ ಮಾಮೂಲಿ ಥ್ರೆಡ್. ನಟ್ಟನ್ನು ಪೂರ್ತಿ ತೆಗೆಯಬೇಡಿ, ಶಾಫ್ಟಿನ ತುದಿಗೆ ಸಮ ಆಗುವಷ್ಟು ಸಡಿಲಿಸಿ ಎರಡು ಕಾಲಿನ ಪುಲ್ಲರ್ ಹಾಕಿ. ಟೇಪರ್ (ಶಾಫ್ಟಿನ ಮೊನಚಾಗುತ್ತ ಹೋಗುವ ಭಾಗದ ಹಿಡಿತ) ಬಿಡುವಾಗ ಟಕ್ ಎಂದು ಶಬ್ದ ಬರುತ್ತದೆ. ಬರಿ ಸುತ್ತಿಗೆಯಿಂದ ಹೊಡೆದು ಬಿಡಿಸಲು ಹೋದರೆ ಒತ್ತಿ ಜೋಡಿಸಿದ ಕ್ರ್ಯಾಂಕ್ ತಿರುಚಿಕೊಳ್ಳುತ್ತದೆ. ಅದು ಆಮೇಲೆ ಯಾವ ರಿಪೇರಿಗೂ ಬಗ್ಗುವುದಿಲ್ಲ.

ಆಯಿಲ್ ಪಂಪ್, ಅದರ ವರ್ಮ್ ಗೇರ್, ಚೈನ್ ಬ್ರೇಕ್, ಹಿಡಿ, ಟ್ಯಾಂಕ್, ಸ್ಪ್ರಿಂಗ್ ಎಲ್ಲ ಹೊರಗೆ. ಆದರೆ ತೆಗೆದಿಡುವ ಒಂದೊಂದನ್ನೂ ಕೈಯಲ್ಲಿ ಹಿಡಿದು, ಇದು ಗರಗಸದಲ್ಲಿ ಏನು ಮಾಡುತ್ತಿತ್ತು, ಇನ್ನು ಮೇಲೆ ಆ ಕೆಲಸ ಯಾರ ಪಾಲಿಗೆ ಎಂದು ಒಂದು ಹಾಳೆಯಲ್ಲಿ ಬರೆಯಿರಿ. ಫ್ಲೈವೀಲ್ ಬರಿ ಭಾರವಲ್ಲ, ಅದೇ ಫ್ಯಾನ್, ಅದೇ ಮ್ಯಾಗ್ನೆಟ್. ಏರ್ ಫಿಲ್ಟರ್ ಡಬ್ಬಿ ಕಾರ್ಬೊರೇಟರಿಗೆ ನಿಶ್ಚಲ ಗಾಳಿ ಕೊಡುತ್ತಿತ್ತು. ರಬ್ಬರ್ ಬುಷ್‌ಗಳು ಅದುರನ್ನು ನುಂಗುತ್ತಿದ್ದವು. ಕೆಲವು ಮಾದರಿಗಳಲ್ಲಿ ಕ್ರ್ಯಾಂಕಿನ ಆಯಿಲ್ ಸೀಲ್ ಕೂತಿರುವುದೇ ಆಯಿಲ್ ಪಂಪಿನ ಮೈಯಲ್ಲಿ, ಪಂಪ್ ಎಸೆದರೆ ಸೀಲೂ ಹೋಯಿತು. ಪರಿವರ್ತನೆ ಮಾಡಿದ ಎಂಜಿನ್ ಓಡದೆ ಹೋದಾಗ ಕಾರಣ ಹೆಚ್ಚಾಗಿ ಈ ಹಾಳೆಯಲ್ಲೇ ಸಿಗುತ್ತದೆ.

ಬೇರಿಂಗ್ ಹೇಗಿದ್ದರೂ ಬದಲಿಸಿ. ಹಳೆಯದರ ಮೇಲಿನ ನಂಬರ್ ಓದಿಕೊಳ್ಳಿ, ಈ ವರ್ಗದಲ್ಲಿ ಸಾಮಾನ್ಯವಾಗಿ 6202. ಸಿ3 ಸಡಿಲಿಕೆಯದು, ಮುಚ್ಚಳವಿಲ್ಲದ್ದು ಬೇಕು. ಅಂಗಡಿಯಲ್ಲಿ ರಬ್ಬರ್ ಮುಚ್ಚಳದ್ದೇ ಸಿಕ್ಕರೆ ಎರಡೂ ಮುಚ್ಚಳ ಎಬ್ಬಿಸಿ, ಗ್ರೀಸನ್ನು ಪೆಟ್ರೋಲಲ್ಲಿ ತೊಳೆದು ಹಾಕಿ. ಇಲ್ಲಿ ಎಣ್ಣೆ ಬರುವುದು ಇಂಧನದ ಜೊತೆ, ಮುಚ್ಚಳ ಇದ್ದರೆ ಅದು ಒಳಗೆ ಹೋಗುವುದಿಲ್ಲ. ಕೇಸನ್ನು 110 ಡಿಗ್ರಿಗೆ ಬಿಸಿ ಮಾಡಿ, ಬೇರಿಂಗನ್ನು ಫ್ರೀಜರಿನಲ್ಲಿ ಒಂದು ಗಂಟೆ ಇಟ್ಟರೆ ಕೈಯಿಂದಲೇ ಕೂರುತ್ತದೆ.

ಯಾವ ಕಡೆ ಪ್ರೊಪೆಲ್ಲರ್

ಗರಗಸದ ಚೈನ್ ಬಾರಿನ ಮೇಲ್ಭಾಗದಲ್ಲಿ ಮುಂದಕ್ಕೆ ಓಡುತ್ತದೆ. ಅಂದರೆ ಕ್ಲಚ್ ಕಡೆಯಿಂದ ನೋಡಿದರೆ ಶಾಫ್ಟ್ ಬಲಸುತ್ತು, ಫ್ಲೈವೀಲ್ ಕಡೆಯಿಂದ ನೋಡಿದರೆ ಎಡಸುತ್ತು. ಅಂಗಡಿಯಲ್ಲಿ ಸಿಗುವ ಸಾಮಾನ್ಯ ಪ್ರೊಪೆಲ್ಲರ್ ಮುಂದಿನಿಂದ ನೋಡಿದಾಗ ಎಡಸುತ್ತಿಗೇ ಬೇಕು. ಹಾಗಾಗಿ ಫ್ಲೈವೀಲ್ ಇದ್ದ ಕಡೆಯೇ ಪ್ರೊಪೆಲ್ಲರ್ ಬರಲಿ, ಕ್ಲಚ್ ಕಡೆ ವಿಮಾನದ ಗೋಡೆಗೆ (ಎಂಜಿನ್ ಕೂರುವ ಮೂತಿಯ ಹಲಗೆಗೆ). ಇನ್ನೊಂದು ಲಾಭವೂ ಇದೆ: ಈ ಕಡೆ ಥ್ರೆಡ್ ಮಾಮೂಲಿ, ಓಡುವಾಗ ಪ್ರೊಪೆಲ್ಲರಿನ ಎಳೆತ ನಟ್ಟನ್ನು ಬಿಗಿಯುವ ದಿಕ್ಕಿಗೇ ಇರುತ್ತದೆ. ಎಂಜಿನ್ ಹಿಮ್ಮುಖ ಒದ್ದಾಗ ಮಾತ್ರ ಸಡಿಲವಾಗುವ ಭಯ.

ಪಿಸ್ಟನ್ನಿನ ಅಂಚೇ ಇನ್‌ಟೇಕ್ ತೆರೆದು ಮುಚ್ಚುವ ಎಂಜಿನ್ ಇದು, ಎರಡೂ ದಿಕ್ಕಿಗೆ ಓಡಬಲ್ಲದು. ಇಗ್ನಿಷನ್ ಹೊಸದಾಗಿ ಕೂರಿಸುವುದಾದರೆ ಕ್ಲಚ್ ಕಡೆಗೂ ಪ್ರೊಪೆಲ್ಲರ್ ಹಾಕಬಹುದು, ಆದರೆ ಅಲ್ಲಿನ ಉಲ್ಟಾ ಥ್ರೆಡ್ಡಿನ ಜೊತೆ ಗುದ್ದಾಡುವುದಕ್ಕೆ ಯಾವ ಕಾರಣವೂ ಕಾಣುವುದಿಲ್ಲ.

ಸಿಲಿಂಡರ್ ಮೇಲ್ಮುಖವಾಗಿ ಕೂರಿಸಿದರೆ ಸೈಲೆನ್ಸರ್ ವಿಮಾನದ ಬಲಕ್ಕೆ, ಕಾರ್ಬೊರೇಟರ್ ಎಡಕ್ಕೆ ಬರುತ್ತದೆ. ತಲೆಕೆಳಗಾಗಿಸಿದರೆ ಅದಲುಬದಲು.

ಕೇಸ್ ಕೊಯ್ಯುವುದು

ಕೊಯ್ಯುವ ಮೊದಲು ಲೋಹ ಯಾವುದೆಂದು ತಿಳಿಯಿರಿ. ಒಂದು ಕಡೆ ಅರದಿಂದ ಉಜ್ಜಿ ಹೊಳೆಯಿಸಿ, ಅಡುಗೆಮನೆಯ ವಿನೆಗರ್ ಒಂದು ಹನಿ ಬಿಡಿ. ಗುಳ್ಳೆ ಎದ್ದರೆ ಮೆಗ್ನೀಸಿಯಂ, ಸುಮ್ಮನಿದ್ದರೆ ಅಲ್ಯೂಮಿನಿಯಂ. ಮೆಗ್ನೀಸಿಯಂ ಆದರೆ ಗ್ರೈಂಡರ್ ಮುಟ್ಟಲೇಬೇಡಿ, ಹ್ಯಾಕ್ಸಾ ಮತ್ತು ಅರ ಮಾತ್ರ. ಪುಡಿಯನ್ನು ಆಗಾಗ ಗುಡಿಸಿ ಹೊರಹಾಕಿ, ಪಕ್ಕದಲ್ಲಿ ಒಣ ಮರಳಿನ ಬಕೆಟ್ ಇರಲಿ. ಆ ಪುಡಿಗೆ ಬೆಂಕಿ ಹತ್ತಿದರೆ ನೀರು ಹಾಕಿದಷ್ಟೂ ಜೋರಾಗುತ್ತದೆ.

ಚೈನಿನ ಎಣ್ಣೆ ಟ್ಯಾಂಕ್, ಹಿಡಿಯ ಕಿವಿಗಳು, ಬಾರ್ ಕೂರುವ ಚಾಚು ಇಷ್ಟೂ ಕೊಯ್ಯಬಹುದು. ಮೂಲೆಗಳಲ್ಲಿ ಮೊದಲು 5 ಮಿ.ಮೀ. ತೂತು ಕೊರೆದು ಆ ತೂತಿಗೆ ಬಂದು ನಿಲ್ಲುವಂತೆ ಕೊಯ್ಯಿರಿ, ಚೂಪು ಮೂಲೆ ಬಿಟ್ಟರೆ ಅಲ್ಲಿಂದ ಬಿರುಕು ಶುರುವಾಗುತ್ತದೆ. ಬೇರಿಂಗ್ ಮನೆಯ ಸುತ್ತ 6 ಮಿ.ಮೀ. ಗೋಡೆ, ಎರಡು ಕೇಸ್ ಭಾಗ ಸೇರುವ ಬೋಲ್ಟಿನ ಸುತ್ತ 5 ಮಿ.ಮೀ. ಬಿಡಲೇಬೇಕು. ಹಿಂದೆ ಗೋಡೆಗೆ ಜೋಡಿಸಲು 6 ಮಿ.ಮೀ. ಅಲ್ಯೂಮಿನಿಯಂ ತಟ್ಟೆ, 16 ಮಿ.ಮೀ. ದಪ್ಪದ ನಾಲ್ಕು ಕಂಬ, ಎಂ6 ಅಲೆನ್ ಬೋಲ್ಟ್. ವಿಮಾನದ ಗೋಡೆಯ ಪ್ಲೈವುಡ್ 10 ಮಿ.ಮೀ.ಗಿಂತ ಕಡಿಮೆ ಬೇಡ. ಕ್ಲಚ್ ಕಡೆ ಉಳಿದ ಶಾಫ್ಟಿನ ಮೂತಿಯನ್ನು ಜಾಗವಿದ್ದರೆ ಹಾಗೇ ಬಿಡಿ. ಅದು ಹದ ಹಾಕಿದ ಉಕ್ಕು, ಗ್ರೈಂಡರಿನಿಂದ ಕೊಯ್ಯುವಾಗ ಬಿಸಿ ಸೀಲಿಗೆ ಹೋಗುತ್ತದೆ.

ಹಬ್: ಇಡೀ ಕೆಲಸ ನಿಂತಿರುವುದು ಇದರ ಮೇಲೆ

ಉಳಿದದ್ದರಲ್ಲಿ ತಪ್ಪಾದರೆ ಎಂಜಿನ್ ಓಡುವುದಿಲ್ಲ, ಅಷ್ಟೇ. ಪ್ರೊಪೆಲ್ಲರನ್ನು ಶಾಫ್ಟಿಗೆ ಹಿಡಿದಿಡುವ ತುಂಡೇ ಹಬ್, ಅದರಲ್ಲಿ ತಪ್ಪಾದರೆ 20 ಇಂಚಿನ ಪ್ರೊಪೆಲ್ಲರ್ ಕಿತ್ತು ಹಾರುತ್ತದೆ. ಲೇತ್ ನಿಮ್ಮದಲ್ಲದಿದ್ದರೆ ಟರ್ನರ್ ಪಕ್ಕದಲ್ಲೇ ನಿಂತು ಮಾಡಿಸಿ.

6061 ಅಥವಾ 6082 ಅಲ್ಯೂಮಿನಿಯಂ ಸರಳು, ಟಿ6 ಹದದ್ದು, 40 ಮಿ.ಮೀ. ದಪ್ಪ, 45 ಉದ್ದ. ಗಟ್ಟಿ ಸರಳಿನ ತೂಕ 150 ಗ್ರಾಂ, ಅದೇ ಅಳತೆ ಉಕ್ಕಿನಲ್ಲಿ 440 ಗ್ರಾಂ. ಮೂಲ ಫ್ಲೈವೀಲೂ ಅಲ್ಯೂಮಿನಿಯಮ್ಮೇ ಆಗಿತ್ತು, ಹಾಗಾಗಿ ಉಕ್ಕಿನ ಶಾಫ್ಟಿನ ಮೇಲೆ ಅಲ್ಯೂಮಿನಿಯಂ ಟೇಪರ್ ಹಿಡಿಯುವುದಿಲ್ಲ ಎಂಬ ಅನುಮಾನ ಬೇಡ.

ಟೇಪರಿನ ಕೋನವನ್ನು ಅಳೆದು, ಡಿಗ್ರಿ ಓದಿ, ಲೇತಿನ ಗೀಟಿಗೆ ಹೊಂದಿಸಲು ಹೋಗಬೇಡಿ. ಆ ಗೀಟುಗಳು ಇದಕ್ಕೆ ಸಾಲುವುದಿಲ್ಲ. ಕ್ರ್ಯಾಂಕನ್ನೇ ಎರಡು ಸೆಂಟರುಗಳ ನಡುವೆ ಕಟ್ಟಿ, ಥ್ರೆಡ್ ಇರುವ ತುದಿ ಹೆಡ್‌ಸ್ಟಾಕ್ ಕಡೆಗೆ ಇರಲಿ. ಲೇತಿನಲ್ಲಿ ಕೋನಕ್ಕೆ ತಿರುಗಿಸಬಹುದಾದ ಕಾಂಪೌಂಡ್ ಸ್ಲೈಡಿನ ಮೇಲೆ ಡಯಲ್ ಗೇಜ್ ಕೂರಿಸಿ, ಮುಳ್ಳಿನ ಮೂತಿ ಸರಿಯಾಗಿ ಸೆಂಟರ್ ಎತ್ತರದಲ್ಲಿ ಟೇಪರನ್ನು ಮುಟ್ಟಲಿ. ಸ್ಲೈಡನ್ನು ಹಿಂದೆ ಮುಂದೆ ಓಡಿಸುತ್ತ, ಕೋನವನ್ನು ಕೂದಲೆಳೆಯಷ್ಟು ಕದಲಿಸುತ್ತ ಹೋಗಿ. ಟೇಪರಿನ ಈ ತುದಿಯಿಂದ ಆ ತುದಿಗೆ ಮುಳ್ಳು ಅಲುಗದೆ ನಿಂತಾಗ ಸ್ಲೈಡನ್ನು ಬಿಗಿಯಿರಿ. ಹಬ್ ಪೂರ್ತಿ ಮುಗಿಯುವವರೆಗೆ ಇನ್ನು ಅದನ್ನು ಮುಟ್ಟಬಾರದು. ಕ್ರ್ಯಾಂಕನ್ನು ಹೀಗೆ ತಿರುಗಿಸಿ ಕಟ್ಟಿದ್ದರಿಂದ ದಪ್ಪ ತುದಿ ಟೇಲ್‌ಸ್ಟಾಕ್ ಕಡೆಗಿದೆ, ಹಬ್ಬಿನ ತೂತಿನ ಅಗಲ ಬಾಯಿಯೂ ಅದೇ ಕಡೆಗೆ ಬರುತ್ತದೆ. ಉಲ್ಟಾ ಕಟ್ಟಿದರೆ ಕೋನ ತಿರುವುಮುರುವಾಗಿ ಸರಳು ಹಾಳಾಗುತ್ತದೆ.

ಚಕ್ಕಿನಲ್ಲಿ ಸರಳು ಹಿಡಿದು ಮೊದಲು ನೇರ ತೂತು, ಆಮೇಲೆ ಬೋರಿಂಗ್ ಟೂಲಿನಿಂದ ಟೇಪರ್. ಟೂಲಿನ ತುದಿಯೂ ಸೆಂಟರ್ ಎತ್ತರದಲ್ಲೇ ಇರಬೇಕು, ಅರ್ಧ ಮಿಲಿಮೀಟರ್ ಕೆಳಗಾದರೂ ಟೇಪರ್ ನೇರ ಬರುವುದಿಲ್ಲ. ಕೊನೆಯ ಕೊಯ್ತಗಳು 0.05 ಮಿ.ಮೀ.ನಂತೆ. ಕ್ರ್ಯಾಂಕಿಗೆ ನೀಲಿ ಬಣ್ಣವನ್ನು ಬೆರಳಿನಿಂದ ತೆಳ್ಳಗೆ ಬಳಿದು, ಹಬ್ ಒತ್ತಿ, ಕಾಲು ಸುತ್ತು ತಿರುಗಿಸಿ ತೆಗೆಯಿರಿ. ನೀಲಿ ಅಗಲ ಬಾಯಿಯಲ್ಲಿ ಮಾತ್ರ ಹತ್ತಿದ್ದರೆ, ಅಥವಾ ಕಿರಿದಾದ ಕಡೆ ಮಾತ್ರ ಹತ್ತಿದ್ದರೆ ಕೋನ ತಪ್ಪಿದೆ. ಮುಕ್ಕಾಲು ಪಾಲಿಗಿಂತ ಹೆಚ್ಚು ಮೇಲ್ಮೈಗೆ ಹತ್ತಿದ್ದರೆ ವಾಲ್ವ್ ಉಜ್ಜುವ ನುಣುಪು ಪೇಸ್ಟ್ ಹಾಕಿ ಹತ್ತಿಪ್ಪತ್ತು ಸಲ ಕೈಯಿಂದ ತಿರುಗಿಸಿದರೆ ಉಳಿದದ್ದು ಸರಿಹೋಗುತ್ತದೆ. ಕೋನದ ತಪ್ಪನ್ನು ಪೇಸ್ಟಿನಿಂದ ತಿದ್ದಲು ಹೋಗಬೇಡಿ. ಪೇಸ್ಟನ್ನು ಸೀಮೆಎಣ್ಣೆಯಲ್ಲಿ ಪೂರ್ತಿ ತೊಳೆಯಿರಿ, ಒಂದು ಕಣ ಬೇರಿಂಗಿಗೆ ಹೋದರೂ ಅದನ್ನು ತಿನ್ನುತ್ತದೆ.

ಒಣ ಟೇಪರಿನ ಮೇಲೆ ಹಬ್ ಕೂರಿಸಿ ನಟ್ಟನ್ನು 25 ನ್ಯೂಟನ್ ಮೀಟರಿಗೆ ಬಿಗಿಯಿರಿ. ಎಣ್ಣೆ ಹಚ್ಚಬಾರದು. ಶಾಫ್ಟಿನ ಸೀಳಿನಲ್ಲಿ ಕೂರುವ ಕೀ ಬರಿ ಜಾಗ ತೋರಿಸುವುದಕ್ಕೆ, ಶಕ್ತಿ ಹೊರುವುದು ಟೇಪರ್. ಹಬ್ಬಿನ ಮುಖದ ಅಂಚಿಗೆ ಡಯಲ್ ಹಿಡಿದು ಸುತ್ತಿಸಿದರೆ ಓಲಾಟ 0.05 ಮಿ.ಮೀ. ಒಳಗಿರಬೇಕು. ಜಾಸ್ತಿ ಇದ್ದರೆ ಕ್ರ್ಯಾಂಕಿನ ಮೇಲೆಯೇ ಕೂರಿಸಿ ಮುಖವನ್ನು ಒಂದು ಸಲ ಸವರಿಸಿ.

ಪ್ರೊಪೆಲ್ಲರಿಗೆ 30 ಮಿ.ಮೀ. ವೃತ್ತದ ಮೇಲೆ ನಾಲ್ಕು ಎಂ5 ಬೋಲ್ಟ್, ಮುಂದೆ 6 ಮಿ.ಮೀ. ದಪ್ಪದ ಒತ್ತುತಟ್ಟೆ. ಮರದ ಪ್ರೊಪೆಲ್ಲರ್ ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಕುಗ್ಗುತ್ತದೆ. ಜುಲೈನಲ್ಲಿ ಬಿಗಿದ ಬೋಲ್ಟ್ ಫೆಬ್ರವರಿಯಲ್ಲಿ ಸಡಿಲ ಎಂದೇ ತಿಳಿದು ಪ್ರತಿಸಲ ಹಾರಿಸುವ ಮುಂಚೆ ಕೀ ಹಾಕಿ ನೋಡಿ.

ಕಿಡಿ

ಮೂಲ ಕಾಯಿಲ್ ಉಳಿಸಿಕೊಳ್ಳಬೇಕೆಂದರೆ ಫ್ಲೈವೀಲ್ ಉಳಿಸಿಕೊಳ್ಳಬೇಕು. ಫ್ಯಾನಿನ ರೆಕ್ಕೆ ಕೊಯ್ದು ಹಾಗೆ ಮಾಡುವವರಿದ್ದಾರೆ. ತೊಂದರೆ ಬರುವುದು ಸ್ಟಾರ್ಟ್ ಮಾಡುವಾಗ: ಆ ಕಾಯಿಲಿಗೆ ಕೈಯಿಂದ ತಿರುಗಿಸಿದ ವೇಗ ಸಾಲದು, ಸಾಲುವಷ್ಟು ಜೋರಾಗಿ ತಿರುಗಿಸಿದರೆ ಓಡುವಾಗಿನ ಟೈಮಿಂಗಿಗೇ ಕಿಡಿ ಹಾರಿ ಪ್ರೊಪೆಲ್ಲರ್ ಬೆರಳಿಗೆ ಹಿಮ್ಮುಖ ಬಡಿಯುತ್ತದೆ. ಬ್ಯಾಟರಿಯಿಂದ ಕಿಡಿ ಹುಟ್ಟಿಸುವ ಸಿಡಿಐ ಯೂನಿಟ್ ನಿಧಾನ ವೇಗದಲ್ಲಿ ತಾನೇ ಟೈಮಿಂಗ್ ಹಿಂದಕ್ಕೆಳೆದುಕೊಳ್ಳುತ್ತದೆ. 14 ಮಿ.ಮೀ. ಪ್ಲಗ್ಗಿನ ಟೋಪಿ ಇರುವುದನ್ನು ಕೇಳಿ ಕೊಳ್ಳಿ, ಚಿಕ್ಕ ಎಂಜಿನ್ನಿನ 10 ಮಿ.ಮೀ. ಟೋಪಿ ಇದಕ್ಕೆ ಹೊಂದದು. ಪ್ಲಗ್ ಸಂದು 0.45 ಮಿ.ಮೀ.

ಹಬ್ಬಿನ ಅಂಚಿನಲ್ಲಿ 4 ಮಿ.ಮೀ. ಅಗಲ, 3 ಮಿ.ಮೀ. ದಪ್ಪದ ಮ್ಯಾಗ್ನೆಟ್. ತೂಕ ಕಾಲು ಗ್ರಾಂ ಚಿಲ್ಲರೆ, ಆದರೆ ನಿಮಿಷಕ್ಕೆ 8,000 ಸುತ್ತಿನಲ್ಲಿ ಅದನ್ನು ಹೊರಕ್ಕೆಳೆಯುವ ಬಲ 400 ಗ್ರಾಂ ತೂಕದಷ್ಟು. ಐದು ನಿಮಿಷದ ಅಂಟು ಬೇಡ, ರಾತ್ರಿಯಿಡೀ ಗಟ್ಟಿಯಾಗುವ ಅರಾಲ್ಡೈಟ್ ಹಾಕಿ. ತೂತನ್ನು ಎಮರಿ ಪೇಪರಿನಿಂದ ಒರಟು ಮಾಡಿ, ಮ್ಯಾಗ್ನೆಟ್ ಅಂಚಿಗಿಂತ ಕೂದಲಷ್ಟು ಒಳಗೆ ಕೂರಲಿ. ಅಂಟಿಸುವ ಮೊದಲು ಎರಡೂ ಮುಖವನ್ನು ಸಿಡಿಐ ಯೂನಿಟ್ಟಿನ ಸೆನ್ಸರಿಗೆ ತೋರಿಸಿ, ಕಿಡಿ ಕೊಡುವ ಮುಖಕ್ಕೆ ಪೆನ್ನಿನಲ್ಲಿ ಗುರುತು ಹಾಕಿ. ಸೆನ್ಸರ್ ಒಂದೇ ಧ್ರುವಕ್ಕೆ ಓಗೊಡುತ್ತದೆ, ತಿರುಗುಮುರುಗಾಗಿ ಅಂಟಿಸಿದ ಮ್ಯಾಗ್ನೆಟ್ಟನ್ನು ಕೀಳುವುದು ಮಹಾ ತಲೆನೋವು. ಸೆನ್ಸರಿಗೂ ಹಬ್ಬಿಗೂ 2ರಿಂದ 3 ಮಿ.ಮೀ. ಅಂತರ.

ಟೈಮಿಂಗ್, ಅಂದರೆ ಕಿಡಿ ಹಾರುವ ಗಳಿಗೆ, ಪಿಸ್ಟನ್ ಮೇಲ್ತುದಿ ಮುಟ್ಟುವುದಕ್ಕೆ 28 ಡಿಗ್ರಿ ಮುಂಚೆ. ಹಬ್ಬಿಗೆ ಕಾಗದದ ಡಿಗ್ರಿ ಚಕ್ರ ಅಂಟಿಸಿ, ಪ್ಲಗ್ ತೂತಿನಿಂದ ಪಿಸ್ಟನ್ನನ್ನು ತಡೆಯುವ ಸ್ಟಾಪ್ ಹಾಕಿ, ಎರಡೂ ಕಡೆಯ ಓದಿನ ನಡುವೆ ಮೇಲ್ತುದಿ ಹಿಡಿಯಿರಿ. ಚಕ್ರ ಇಲ್ಲದವರಿಗೆ: ಸ್ಟ್ರೋಕ್ 32.5, ರಾಡ್ ಅದರ 1.8 ಪಟ್ಟು ಇದ್ದರೆ, 28 ಡಿಗ್ರಿ ಅಂದರೆ ಪಿಸ್ಟನ್ ಮೇಲ್ತುದಿಗಿಂತ 2.4 ಮಿ.ಮೀ. ಕೆಳಗೆ. ಸೆನ್ಸರಿನ ಪಟ್ಟಿಗೆ ಉದ್ದ ತೂತು ಮಾಡಿ ಆಚೀಚೆ 10 ಡಿಗ್ರಿ ಸರಿಯುವಂತಿರಲಿ. ಪರೀಕ್ಷೆ ಮಾಡುವಾಗ ಪ್ಲಗ್ ಎಂಜಿನ್ನಿನ ಮೈಗೆ ತಾಗಿಯೇ ಇರಬೇಕು. ಗಾಳಿಯಲ್ಲಿ ನೇತಾಡುವ ಟೋಪಿಗೆ ಒಂದೆರಡು ಸಲ ಕಿಡಿ ಬಿಟ್ಟರೆ ಯೂನಿಟ್ ಒಳಗೇ ಸುಟ್ಟುಹೋಗುತ್ತದೆ.

ರೇಡಿಯೋ ರಿಸೀವರಿಗೂ ಇಗ್ನಿಷನ್ನಿಗೂ ಕನಿಷ್ಠ ಒಂದು ಅಡಿ ದೂರ, ಬ್ಯಾಟರಿ ಬೇರೆ ಬೇರೆ. ಥ್ರಾಟಲಿನ ಕಡ್ಡಿ ನೈಲಾನ್ ಅಥವಾ ಮರದ್ದಿರಲಿ, ತಂತಿ ಹಾಕಿದರೆ ಎಂಜಿನ್ನಿನ ಕಿಡಿಯ ಗದ್ದಲ ಅದರ ಮೂಲಕವೇ ಥ್ರಾಟಲ್ ಎಳೆಯುವ ಸರ್ವೋ ಮೋಟಾರಿಗೆ ಬರುತ್ತದೆ.

ಕಾರ್ಬೊರೇಟರ್

ಹೆಚ್ಚು ಜನ ಕೈಚೆಲ್ಲುವುದು ಇಲ್ಲಿ. ಗರಗಸದ ಕಾರ್ಬೊರೇಟರಿಗೆ ಫ್ಲೋಟ್ ಇಲ್ಲ, ರಬ್ಬರ್ ಪೊರೆ ಇದೆ. ಹಾಗಾಗಿ ವಿಮಾನ ತಲೆಕೆಳಗಾದರೂ ಓಡುತ್ತದೆ. ಪೆಟ್ರೋಲ್ ಎಳೆಯುವ ಪಂಪಿಗೆ ಶಕ್ತಿ ಬರುವುದು ಕ್ರ್ಯಾಂಕ್‌ಕೇಸಿನ ಉಸಿರಿನಿಂದ. ಉಸಿರು ಅಂದರೆ ಪಿಸ್ಟನ್ ಆಡಿದಂತೆ ಅಲ್ಲಿ ಏರಿಳಿಯುವ ಗಾಳಿಯ ಒತ್ತಡ. ಆ ಉಸಿರಿನ ದಾರಿ ಕೆಲವದರಲ್ಲಿ ಇನ್‌ಟೇಕ್ ಫ್ಲ್ಯಾಂಜಿನ ಪಕ್ಕದ ಸಣ್ಣ ತೂತು, ಕೆಲವದರಲ್ಲಿ ಕೇಸಿನಿಂದ ಬರುವ ರಬ್ಬರ್ ನಳಿಕೆ. ಕಾರ್ಬೊರೇಟರಿಗೂ ಸಿಲಿಂಡರಿಗೂ ನಡುವೆ 10 ಮಿ.ಮೀ. ಹೈಲಂ (ಗಟ್ಟಿ ರಾಳದ ಹಲಗೆ) ತುಂಡು ಬೇಕು, ಬಿಸಿ ದಾಟದಿರಲಿ ಎಂದು. ಆ ತುಂಡಿನಲ್ಲೂ ಎರಡೂ ಕಡೆಯ ಪ್ಯಾಕಿಂಗಿನಲ್ಲೂ ಉಸಿರಿನ ತೂತು ಒಂದೇ ಸಾಲಿಗೆ ಬರಬೇಕು. ಪ್ಯಾಕಿಂಗ್ ಒಂದನ್ನು ತಿರುವಿ ಹಾಕಿದರೂ ತೂತು ಮುಚ್ಚುತ್ತದೆ. ಲಕ್ಷಣ ಒಂದೇ: ಬಾಯಿಗೆ ಪೆಟ್ರೋಲ್ ಹಾಕಿದರೆ ಐದು ಸೆಕೆಂಡ್ ಓಡಿ ಸಾಯುತ್ತದೆ, ಮತ್ತೆ ಹಾಕಿದರೆ ಮತ್ತೆ ಐದು ಸೆಕೆಂಡ್.

ಗರಗಸದ ಪ್ರೈಮರ್ ಗುಂಡಿ ತೆಗೆದಾಗ ಅದಕ್ಕೆ ಹೋಗುತ್ತಿದ್ದ ಮೂತಿ ಕಾರ್ಬೊರೇಟರಿನಲ್ಲಿ ತೆರೆದೇ ಉಳಿಯುತ್ತದೆ. ಅದನ್ನು ಮುಚ್ಚಿ. ಮರೆತರೆ ಅಲ್ಲಿಂದ ಗಾಳಿ ಎಳೆದು, ಪೆಟ್ರೋಲಿನ ಹದ ಮಾಡುವ ತಿರುಪು ಸೂಜಿಯನ್ನು ಎಷ್ಟು ಬಿಚ್ಚಿದರೂ ಮಿಶ್ರಣ ಸೊರಗಿಯೇ (ಪೆಟ್ರೋಲ್ ಕಡಿಮೆ, ಗಾಳಿ ಹೆಚ್ಚು) ಇರುತ್ತದೆ.

ಪೊರೆಯ ಮೇಲಿನ ತಗಡಿನ ಮುಚ್ಚಳದಲ್ಲಿ ಸೂಜಿಯಷ್ಟು ತೂತಿದೆ ನೋಡಿ. ಪೊರೆ ಹೊರಗಿನ ಗಾಳಿಯ ಒತ್ತಡವನ್ನು ಅಳೆಯುವುದು ಅದರಿಂದ. ಗರಗಸದಲ್ಲಿ ಅದು ಡಬ್ಬಿಯೊಳಗೆ ಸುಮ್ಮನಿತ್ತು, ಈಗ ಪ್ರೊಪೆಲ್ಲರಿನ ಗಾಳಿಗೆ ಎದುರಾಗಿದೆ. ನೆಲದ ಮೇಲೆ ಸರಿಯಾಗಿ ಓಡಿದ ಎಂಜಿನ್ ವೇಗ ಹಿಡಿದ ಕೂಡಲೇ ಗುಟುಕರಿಸುವುದು ಇದರಿಂದ. ಮುಚ್ಚಳ ಬಿಚ್ಚಿ, ತೂತಿನ ಮೇಲೆ 3 ಮಿ.ಮೀ. ಹಿತ್ತಾಳೆ ನಳಿಕೆ ಬೆಸೆದು, ಅಲ್ಲಿಂದ ಒಂದು ಪೈಪನ್ನು ವಿಮಾನದ ಹೊಟ್ಟೆಯೊಳಗೆ, ಗಾಳಿ ಆಡದ ಕಡೆ ಬಿಡಿ. ಬೆಸೆಯುವಾಗ ಪೊರೆಯನ್ನು ಪಕ್ಕಕ್ಕೆ ತೆಗೆದಿಟ್ಟಿರಬೇಕು ಎಂದು ಬೇರೆ ಹೇಳಬೇಕಿಲ್ಲ.

ಪೈಪು ಪೆಟ್ರೋಲಿಗೆ ತಡೆಯುವ ಹಳದಿ ಟೈಗಾನ್ ಜಾತಿಯದು. ಸಿಲಿಕಾನ್ ಪೈಪು ಪೆಟ್ರೋಲಿನಲ್ಲಿ ಊದಿಕೊಂಡು ಕಳಚುತ್ತದೆ, ಟ್ಯಾಂಕಿನ ಬಿರಡೆಯೂ ಹಾಗೆಯೇ. ಪೂರ್ತಿ ಥ್ರಾಟಲಿನಲ್ಲಿ ನಿಮಿಷಕ್ಕೆ 30ರಿಂದ 40 ಮಿ.ಲೀ. ಕುಡಿಯುತ್ತದೆ, 600 ಮಿ.ಲೀ. ಟ್ಯಾಂಕ್ ಧಾರಾಳ. ಎಣ್ಣೆ ಮೊದಲ 3 ಲೀಟರಿಗೆ 32:1, ಅಂದರೆ ಲೀಟರಿಗೆ 31 ಮಿ.ಲೀ. ಆಮೇಲೆ 40:1, ಲೀಟರಿಗೆ 25. ಡಬ್ಬಿಯ ಮೇಲೆ ಟೂ ಸ್ಟ್ರೋಕ್ ಎಣ್ಣೆಯ ಗುಣಮಟ್ಟದ ಗುರುತಾದ ಜಾಸೋ ಎಫ್‌ಡಿ ಎಂದಿರುವುದನ್ನೇ ತನ್ನಿ. ಈಗ ಬಂಕಿನಲ್ಲಿ ಸಿಗುವುದು 20% ಎಥನಾಲ್ ಬೆರೆತ ಪೆಟ್ರೋಲ್. ಅದಕ್ಕೆ ಸೂಜಿ ಸ್ವಲ್ಪ ಹೆಚ್ಚು ಬಿಚ್ಚಬೇಕು. ಅದು ನೀರು ಹೀರುತ್ತದೆ, ಪೊರೆಯನ್ನು ಗಡಸು ಮಾಡುತ್ತದೆ. ಹಾರಿಸಿ ಬಂದ ದಿನವೇ ಟ್ಯಾಂಕ್ ಖಾಲಿ ಮಾಡಿ, ಕಾರ್ಬೊರೇಟರ್ ಒಣಗುವವರೆಗೆ ಓಡಿಸಿ ಇಡಿ.

ಗಾಳಿ ಸೋರುತ್ತಿದೆಯೇ

ಮೊದಲ ಸಲ ಸ್ಟಾರ್ಟ್ ಮಾಡುವ ಮುಂಚೆ ಬಿಪಿ ನೋಡುವ ಹಳೆಯ ಉಪಕರಣದ ರಬ್ಬರ್ ಬುಗ್ಗೆ, ಮುಳ್ಳಿನ ಮೀಟರ್ ತನ್ನಿ. ಇನ್‌ಟೇಕ್, ಎಕ್ಸಾಸ್ಟ್ ಎರಡಕ್ಕೂ ಸೈಕಲ್ ಟ್ಯೂಬಿನ ತುಂಡು ಇಟ್ಟು ತಗಡು ಬಿಗಿಯಿರಿ, ಪ್ಲಗ್ ಹಾಕಿ, ಉಸಿರಿನ ತೂತಿನಿಂದ 250ಕ್ಕೆ ಗಾಳಿ ಒತ್ತಿ. ಒಂದು ನಿಮಿಷ ಮುಳ್ಳು ಕದಲಬಾರದು. ಕದಲಿದರೆ ಸೋಪುನೀರು ಹಚ್ಚಿ ಗುಳ್ಳೆ ಹುಡುಕಿ: ಸೀಲಿನ ತುಟಿ, ಕೇಸಿನ ಜೋಡು, ಸಿಲಿಂಡರಿನ ತಳ. ಕೊಯ್ಯುವಾಗ ಆಯಿಲ್ ಪಂಪಿನ ಹಳೆಯ ದಾರಿ ಒಡೆದಿದ್ದರೆ ಅಲ್ಲೂ ನೋಡಿ. ಆಮೇಲೆ ದೊಡ್ಡ ಸಿರಿಂಜಿನಿಂದ ಗಾಳಿ ಹೊರಗೆಳೆದು ಅದೇ ಪರೀಕ್ಷೆ. ಒತ್ತಡಕ್ಕೆ ಹಿಡಿದ ಸೀಲ್ ಎಳೆತಕ್ಕೆ ಸೋರುವುದುಂಟು.

ಇದೇ ಹೊತ್ತಿನಲ್ಲಿ ಪಿಸ್ಟನ್ನಿಗೂ ತಲೆಗೂ ಇರುವ ಸಂದು ಅಳೆಯಿರಿ. ಪ್ಲಗ್ ತೂತಿನಿಂದ 1.5 ಮಿ.ಮೀ. ಸೋಲ್ಡರ್ ತಂತಿಯನ್ನು ಸಿಲಿಂಡರಿನ ಗೋಡೆಗೆ ತಾಗುವಂತೆ ತೂರಿಸಿ, ಒಂದು ಸುತ್ತು ತಿರುಗಿಸಿ, ಚಪ್ಪಟೆಯಾದ ತುದಿಗೆ ವರ್ನಿಯರ್ ಹಿಡಿಯಿರಿ. 0.8 ಮೇಲಿದ್ದರೆ ತಳದ ಪ್ಯಾಕಿಂಗ್ ತೆಳ್ಳಗಿನದು ಹಾಕಬಹುದು: ಕಂಪ್ರೆಷನ್ ಏರುತ್ತದೆ, ಎಕ್ಸಾಸ್ಟ್ ತುಸು ತಡವಾಗಿ ತೆರೆದು ಕೆಳವೇಗದ ಎಳೆತ ಸುಧಾರಿಸುತ್ತದೆ. 0.6ಕ್ಕಿಂತ ಕೆಳಗೆ ಇಳಿಸಬೇಡಿ.

ಸೈಲೆನ್ಸರ್, ತಂಪು

ಮೂಲ ಸೈಲೆನ್ಸರ್ ಸಣ್ಣದು, ಉಸಿರು ಕಟ್ಟಿದ್ದು. 1 ಮಿ.ಮೀ. ತಗಡಿನಲ್ಲಿ ಅರ್ಧ ಲೀಟರ್ ಡಬ್ಬಿ ಬೆಸೆದು, 12 ಮಿ.ಮೀ. ಒಳಅಳತೆಯ ಎರಡು ನಳಿಕೆ ಹೊರಡಿಸಿ. ಅದರ ಬೋಲ್ಟ್ ಸಡಿಲವಾಗುವುದು ಖಂಡಿತ. ಆ ಬಿಸಿಗೆ ಥ್ರೆಡ್ ಅಂಟು ಉಳಿಯುವುದಿಲ್ಲ, ತಲೆಗೆ ತೂತು ಕೊರೆದು ತಂತಿ ಕಟ್ಟಿ.

ಸಿಲಿಂಡರಿನ ರೆಕ್ಕೆಗಳು ಫ್ಲೈವೀಲ್ ಕಡೆಯಿಂದ ಬರುವ ಗಾಳಿಗೆಂದೇ ಇವೆ, ಆ ಕಡೆಯೇ ಈಗ ಮುಂದಾಗಿರುವುದು ಅದೃಷ್ಟ. ಆದರೆ ಮೂತಿಯ ಕವಚ ಹಾಕಿದ ಮೇಲೆ ಗಾಳಿ ಸುಲಭದ ದಾರಿ ಹಿಡಿದು ಪಕ್ಕದಲ್ಲಿ ಜಾರುತ್ತದೆ. ಸಿಲಿಂಡರಿನ ಎರಡೂ ಪಕ್ಕ 5 ಮಿ.ಮೀ. ಬಿಟ್ಟು ತೆಳು ಪ್ಲೈ ಅಥವಾ ತಗಡಿನ ಗೋಡೆ ಕಟ್ಟಿ. ಹೊರಬಾಯಿ ಒಳಬಾಯಿಯ ಎರಡೂವರೆ ಪಟ್ಟು ಇರಬೇಕು, ಮುಂದಿನ ಬಾಯಿ ಎಷ್ಟು ದೊಡ್ಡದಿದ್ದರೂ ಹಿಂದೆ ಹೋಗಲು ಜಾಗವಿಲ್ಲದಿದ್ದರೆ ಉಪಯೋಗವಿಲ್ಲ.

ಸ್ಟ್ಯಾಂಡ್ ಮೇಲೆ, ಆಮೇಲೆ ಬಯಲಲ್ಲಿ

ಗರಗಸದಲ್ಲಿ ಇದು 10,000 ಸುತ್ತು ದಾಟುತ್ತಿತ್ತು. ಇಲ್ಲಿ 6,500ರಿಂದ 7,500ರ ನಡುವೆ ಹಿಡಿದಿಡಬೇಕು. 20x8ರಿಂದ (20 ಇಂಚು ಉದ್ದ, 8 ಇಂಚು ಪಿಚ್, ಅಂದರೆ ಸುತ್ತಿಗೆ ಮುಂದೆ ಸಾಗುವ ಲೆಕ್ಕ) ಶುರುಮಾಡಿ, 7,500 ಮೀರಿದರೆ 20x10 ಅಥವಾ 22x8. ಪ್ರೊಪೆಲ್ಲರ್ ಇಲ್ಲದೆ ಒಂದು ಕ್ಷಣವೂ ಓಡಿಸಬೇಡಿ, ಫ್ಲೈವೀಲಿನ ಕೆಲಸ ಈಗ ಅದರದೇ.

ಆಂಗಲ್ ಕಬ್ಬಿಣದ ಸ್ಟ್ಯಾಂಡನ್ನು ಕಾಂಕ್ರೀಟಿಗೆ ಬೋಲ್ಟ್ ಮಾಡಿ. ಎರಡೂ ಸೂಜಿ (ಹೆಚ್ಚು ವೇಗಕ್ಕೆ ಹೈ, ಕಡಿಮೆ ವೇಗಕ್ಕೆ ಲೋ) ಮೆಲ್ಲಗೆ ಮುಚ್ಚಿ, ಒಂದೂಕಾಲು ಸುತ್ತು ಬಿಚ್ಚಿ. ಚೋಕ್ ಮುಚ್ಚಿ, ಇಗ್ನಿಷನ್ ಹಾಕಿ, ದಪ್ಪ ಚರ್ಮದ ಗ್ಲೌಸ್ ತೊಟ್ಟು ತಿರುಗಿಸಿ. ಒಂದು ಸಲ ಪಟ್ ಎಂದ ಕೂಡಲೇ ಚೋಕ್ ತೆರೆದು ಮತ್ತೆ. ಪ್ರೊಪೆಲ್ಲರ್ ಸುತ್ತುವ ಸಾಲಿನಲ್ಲಿ ಆಚೀಚೆ ಯಾರೂ ನಿಲ್ಲಬಾರದು. ಬಿಸಿಯಾದ ಮೇಲೆ ಹೈ ಸೂಜಿಯಲ್ಲಿ ಗರಿಷ್ಠ ಸುತ್ತು ಹುಡುಕಿ, ಅಲ್ಲಿಂದ 200ರಿಂದ 300 ಸುತ್ತು ಇಳಿಯುವಷ್ಟು ಬಿಚ್ಚಿ ನಿಲ್ಲಿಸಿ. ಲೋ ಸೂಜಿ ಆಮೇಲೆ: ಥ್ರಾಟಲ್ ಥಟ್ಟನೆ ಕೊಟ್ಟಾಗ ಉಸಿರು ಕಟ್ಟಿ ಸತ್ತರೆ ಬಿಚ್ಚಬೇಕು, ಬಡಬಡಿಸುತ್ತ ನಿಧಾನ ಏರಿದರೆ ಮುಚ್ಚಬೇಕು. ಲೋ ಕದಲಿಸಿದಾಗಲೆಲ್ಲ ಹೈ ಮತ್ತೊಮ್ಮೆ ನೋಡಿ. 3 ಲೀಟರ್ ಮುಗಿಯುವವರೆಗೆ ಪೂರ್ತಿ ಥ್ರಾಟಲ್ ಅರ್ಧ ನಿಮಿಷ ಮೀರದಿರಲಿ.

ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲಿದೆ, ಗಾಳಿ ಸುಮಾರು 9% ತೆಳು. ಅಲ್ಲಿ ಹದ ಮಾಡಿದ ಸೂಜಿಯಲ್ಲೇ ಮಂಗಳೂರಿನಲ್ಲಿ ಹಾರಿಸಿದರೆ ಮಿಶ್ರಣ ಸೊರಗಿ ಪಿಸ್ಟನ್ ಹಿಡಿದುಕೊಳ್ಳುತ್ತದೆ. ಘಟ್ಟ ಇಳಿದ ಮೇಲೆ ಸೂಜಿಯನ್ನು ಕಾಲು ಸುತ್ತಿನವರೆಗೆ ಬಿಚ್ಚಿ, ಹೊಸದಾಗಿ ಹದ ಮಾಡಿ.

9 ಕಿಲೋ ವಿಮಾನ ಡ್ರೋನ್ ನಿಯಮಗಳು 2021ರ ತೂಕದ ಲೆಕ್ಕದಲ್ಲಿ 2ರಿಂದ 25 ಕಿಲೋ ವರ್ಗಕ್ಕೆ ಬೀಳುತ್ತದೆ. ಬಯಲು ಆರಿಸುವ ಮೊದಲು ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆಯಲ್ಲಿ ಅದು ಹಸಿರು ವಲಯವೇ ನೋಡಿ.

ಮೊದಲ ಹಾರಾಟ ಐದೇ ನಿಮಿಷ. ಇಳಿದ ತಕ್ಷಣ ಪ್ಲಗ್ಗಿನ ಬುಡಕ್ಕೆ ಬಿಸಿ ಅಳೆಯುವ ಗನ್ ಹಿಡಿಯಿರಿ, 180 ಡಿಗ್ರಿ ಒಳಗಿದ್ದರೆ ಸರಿ. ನೆಲದಲ್ಲಿ ಚೆನ್ನಾಗಿದ್ದು ಮೇಲೆ ಎರಡು ಮೂರು ನಿಮಿಷದಲ್ಲಿ ಸುತ್ತು ಕುಸಿಯುತ್ತ ಬಂದರೆ ಬಿಸಿ ಇಲ್ಲವೇ ಸೊರಗಿದ ಮಿಶ್ರಣ. ತಕ್ಷಣ ಥ್ರಾಟಲ್ ಇಳಿಸಿ ಇಳಿಸಿಬಿಡಿ, ಇನ್ನೊಂದು ಸುತ್ತು ಹಾಕುವ ಆಸೆಗೆ ಬೀಳಬೇಡಿ. ಮೂತಿ ಮೇಲೆತ್ತಿದಾಗ ಮಾತ್ರ ಸಾಯುವುದಾದರೆ ಕಾರ್ಬೊರೇಟರಿನೊಳಗಿನ ಲೋಹದ ಜಾಲರಿಗೆ ಕಸ ಹಿಡಿದಿದೆ ಅಥವಾ ಉಸಿರಿನ ದಾರಿ ಅರ್ಧ ಮುಚ್ಚಿದೆ. ಐಡಲ್ ಒಮ್ಮೆ ಏರಿ ಒಮ್ಮೆ ಇಳಿದು ನಿಲ್ಲದೆ ಅಲೆಯುತ್ತಿದ್ದರೆ ಸೂಜಿ ಮುಟ್ಟಬೇಡಿ, ಬಿಪಿ ಬುಗ್ಗೆ ಮತ್ತೆ ಹೊರತೆಗೆಯಿರಿ: ಎಲ್ಲೋ ಗಾಳಿ ಸೋರುತ್ತಿದೆ, ಹತ್ತರಲ್ಲಿ ಎಂಟು ಸಲ ಅದು ಪ್ರೊಪೆಲ್ಲರ್ ಕಡೆಯ ಸೀಲ್.